ಅರಸನ ಮುಖದ ಮೇಲೆ ಅಕ್ಕಸಾಲಿಗನ ಮುದ್ರೆ

ಸ್ವಂತ ಚಿನ್ನದ ನಾಣ್ಯವೇ ಇಲ್ಲದ ಹದಿನೆಂಟನೇ ಶತಮಾನದ ಅಮೆರಿಕ, ಪರದೇಶದ ಚಿನ್ನವನ್ನು ಕತ್ತರಿಸಿ, ಕೊರೆದು, ಬೆಣೆ ತುಂಬಿ ತನ್ನದಾಗಿಸಿಕೊಂಡ ಬಗೆ

ಪೋರ್ಚುಗಲ್ ದೊರೆ ಐದನೇ ಜೋವಾನ ಮುಖ. ಸುತ್ತ ಲ್ಯಾಟಿನ್ ಅಕ್ಷರಗಳು. ಮುಖದ ಕೆಳಗೆ ಬ್ರೆಜಿಲ್‌ನ ರಿಯೊ ಡಿ ಜನೈರೊ ಟಂಕಸಾಲೆಯ ಗುರುತು. ಇಷ್ಟರಮಟ್ಟಿಗೆ ಇದು ಹದಿನೆಂಟನೇ ಶತಮಾನದ ಮಾಮೂಲಿ ಪೋರ್ಚುಗೀಸ್ ಚಿನ್ನದ ನಾಣ್ಯ. ಆದರೆ ಅಮೆರಿಕದ ಸಂಗ್ರಹಗಳಲ್ಲಿ ಸಿಗುವ ಇಂಥ ಕೆಲವು ನಾಣ್ಯಗಳಲ್ಲಿ ದೊರೆಯ ಕೆನ್ನೆಯ ಮೇಲೋ ಕತ್ತಿನ ಮೇಲೋ ಇನ್ನೊಂದು ಪುಟ್ಟ ಮುದ್ರೆ ಇರುತ್ತದೆ. ನ್ಯೂಯಾರ್ಕ್‌ನ ಅಕ್ಕಸಾಲಿಗನೊಬ್ಬನ ಹೆಸರಿನ ಎರಡೇ ಅಕ್ಷರ. ತಿರುಗಿಸಿ ನೋಡಿದರೆ ನಡುವೆ ಬೇರೆ ಬಣ್ಣದ ಚಿನ್ನದ ಬೊಟ್ಟು ಕಾಣಿಸಬಹುದು. ಅಂಚು ಒಂದು ಕಡೆ ಸಮನಾಗಿ ಕತ್ತರಿಸಿರಲೂಬಹುದು.

ಮೊದಲ ನೋಟಕ್ಕೆ ಇದು ಹಾಳಾದ ನಾಣ್ಯ. ಬಹುಕಾಲ ಅನೇಕ ಸಂಗ್ರಾಹಕರೂ ಹಾಗೆಂದುಕೊಂಡೇ ಇದನ್ನು ಪಕ್ಕಕ್ಕಿಟ್ಟಿದ್ದರು. ಆದರೆ ಆ ಕಾಲದ ವ್ಯಾಪಾರಿಯ ಕಣ್ಣಿಗೆ ಕತ್ತರಿ ಬೀಳದ ನಾಣ್ಯಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾಗಿದ್ದದ್ದು ಇದೇ. ಅಮೆರಿಕ ಎಂಬ ದೇಶದ ಹಣದ ಕಥೆ ಶುರುವಾಗುವುದು ಸರ್ಕಾರಿ ಟಂಕಸಾಲೆಯಲ್ಲಲ್ಲ, ಇಂಥ ಅಕ್ಕಸಾಲಿಗರ ಅಂಗಡಿಗಳಲ್ಲಿ.

ಹಣವಿಲ್ಲದ ವಸಾಹತು

ಬ್ರಿಟನ್ ತನ್ನ ಅಮೆರಿಕನ್ ವಸಾಹತುಗಳಿಗೆಂದು ಚಿನ್ನದ ನಾಣ್ಯ ಅಚ್ಚು ಹಾಕಿಸಲಿಲ್ಲ. ತಮ್ಮದೇ ಟಂಕಸಾಲೆ ತೆರೆಯಲು ವಸಾಹತುಗಳಿಗೆ ಅನುಮತಿಯೂ ಇರಲಿಲ್ಲ. ಮ್ಯಾಸಚೂಸೆಟ್ಸ್ 1652ರಲ್ಲಿ ಬೆಳ್ಳಿ ಶಿಲಿಂಗ್‌ಗಳನ್ನು ಅಚ್ಚು ಹಾಕಲು ಶುರು ಮಾಡಿತ್ತಾದರೂ ಮೂರು ದಶಕಗಳಲ್ಲಿ ಅದೂ ನಿಂತುಹೋಯಿತು. ಇಂಗ್ಲೆಂಡಿನಿಂದ ಬಂದ ನಾಣ್ಯ ಬಟ್ಟೆ, ಕಬ್ಬಿಣ, ಪಿಂಗಾಣಿಯ ಬೆಲೆಯಾಗಿ ಮತ್ತೆ ಇಂಗ್ಲೆಂಡಿಗೇ ಹಡಗು ಹತ್ತುತ್ತಿತ್ತು.

ಹಾಗಾಗಿ ಕೈಗೆ ಸಿಕ್ಕಿದ್ದೇ ಹಣವಾಯಿತು. ನ್ಯೂ ಇಂಗ್ಲೆಂಡಿನ ಒಣಮೀನು, ಪೆನ್ಸಿಲ್ವೇನಿಯಾದ ಹಿಟ್ಟು, ಕಾಡಿನ ಮರಮುಟ್ಟು ಹೊತ್ತ ಹಡಗುಗಳು ಲಿಸ್ಬನ್‌ಗೆ, ಮಡೀರಾಕ್ಕೆ, ಕೆರಿಬಿಯನ್ ದ್ವೀಪಗಳಿಗೆ ಹೋಗಿ ಬರುವಾಗ ಸ್ಪೇನಿನ ಬೆಳ್ಳಿ ಡಾಲರ್‌ಗಳನ್ನೂ ಸ್ಪೇನ್, ಪೋರ್ಚುಗಲ್, ಫ್ರಾನ್ಸ್‌ಗಳ ಚಿನ್ನವನ್ನೂ ತಂದವು. ಸ್ಪೇನಿನ ದೊಡ್ಡ ಚಿನ್ನದ ನಾಣ್ಯಕ್ಕೆ ಡಬ್ಲೂನ್ ಎಂದು ಹೆಸರು. ಅದರ ಕಾಲು ಭಾಗದ್ದು ಪಿಸ್ಟೋಲ್. ಪೋರ್ಚುಗಲ್ಲಿನದು ಮೊಯ್ಡೋರ್. ಇಂಗ್ಲೆಂಡಿನದು ಗಿನಿ. ಎಲ್ಲಕ್ಕಿಂತ ಹೆಚ್ಚು ಕೈ ಬದಲಿಸಿದ ಚಿನ್ನದ ನಾಣ್ಯಗಳ ಸಾಲಿನಲ್ಲಿ ಪೋರ್ಚುಗಲ್‌ನ 6400 ರೇಯಿಸ್ ಮೌಲ್ಯದ ನಾಣ್ಯವಿತ್ತು. ದೊರೆ ಜೋವಾನ ಹೆಸರು ಜನರ ಬಾಯಲ್ಲಿ ಸವೆದು ಅದು ‘ಹಾಫ್ ಜೋ’ ಆಯಿತು. 1750ರಲ್ಲಿ ಜೋವಾ ತೀರಿಕೊಂಡು ನಾಣ್ಯದ ಮೇಲೆ ಬೇರೆಯವರ ಮುಖ ಬಂದ ಮೇಲೂ ಅಮೆರಿಕದವರಿಗೆ ಅದು ಜೋ ಆಗಿಯೇ ಉಳಿಯಿತು.

ಈ ಚಿನ್ನ ಎಲ್ಲಿಂದ ಬಂತು ಎಂಬುದನ್ನು ಮರೆಯಬಾರದು. 1690ರ ದಶಕದಲ್ಲಿ ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ಸೀಮೆಯಲ್ಲಿ ಚಿನ್ನ ಸಿಕ್ಕಿತು. ನದಿಯ ಮರಳನ್ನೂ ಬೆಟ್ಟದ ಮಣ್ಣನ್ನೂ ಜಾಲಾಡಿ ಅದನ್ನು ತೆಗೆದವರಲ್ಲಿ ಹೆಚ್ಚಿನವರು ಆಫ್ರಿಕಾದಿಂದ ಹಿಡಿದು ತಂದು ಗುಲಾಮರನ್ನಾಗಿಸಿದ ಜನ. ಫಿಲಡೆಲ್ಫಿಯಾದ ವರ್ತಕನ ಪೆಟ್ಟಿಗೆ ಸೇರಿದ ಜೋ ನಾಣ್ಯದ ತೂಕದಲ್ಲಿ ಅವರ ದುಡಿಮೆಯೂ ಸೇರಿತ್ತು, ಯಾವ ಲೆಕ್ಕದ ಪುಸ್ತಕವೂ ಅದನ್ನು ಬರೆದುಕೊಳ್ಳಲಿಲ್ಲ.

ಒಂದೇ ನಾಣ್ಯ, ಊರಿಗೊಂದು ಬೆಲೆ

ನಾಣ್ಯ ಪರದೇಶದ್ದು, ಲೆಕ್ಕ ಮಾತ್ರ ಇಂಗ್ಲೆಂಡಿನದು. ವಸಾಹತುಗಳು ಪೌಂಡ್, ಶಿಲಿಂಗ್, ಪೆನ್ಸ್‌ಗಳಲ್ಲೇ ಲೆಕ್ಕ ಬರೆಯುತ್ತಿದ್ದವು. ಆದರೆ ಒಂದೊಂದು ವಸಾಹತಿನ ಶಿಲಿಂಗ್‌ಗೂ ಒಂದೊಂದು ಬೆಲೆ. ಅದೇ ಸ್ಪ್ಯಾನಿಷ್ ಡಾಲರ್‌ಗೆ ಬಾಸ್ಟನ್‌ನಲ್ಲಿ 6 ಶಿಲಿಂಗ್, ಫಿಲಡೆಲ್ಫಿಯಾದಲ್ಲಿ 7 ಶಿಲಿಂಗ್ 6 ಪೆನ್ಸ್, ನ್ಯೂಯಾರ್ಕ್‌ನಲ್ಲಿ 8 ಶಿಲಿಂಗ್. ಎಂಟು ಡಾಲರ್‌ಗೆ ಸಮನೆಂದು ನಡೆಯುತ್ತಿದ್ದ ಹಾಫ್ ಜೋ ಹಾಗಾಗಿ ಬಾಸ್ಟನ್ ಲೆಕ್ಕದಲ್ಲಿ 48 ಶಿಲಿಂಗ್, ಫಿಲಡೆಲ್ಫಿಯಾದಲ್ಲಿ 60, ನ್ಯೂಯಾರ್ಕ್‌ನಲ್ಲಿ 64.

ಈ ಗೊಂದಲಕ್ಕೆ ಲಂಡನ್ ಕಡಿವಾಣ ಹಾಕಲು ನೋಡಿತು. 1704ರಲ್ಲಿ ರಾಣಿ ಆ್ಯನ್ ಹೊರಡಿಸಿದ ಘೋಷಣೆ, ವಸಾಹತುಗಳಲ್ಲಿ ಸ್ಪ್ಯಾನಿಷ್ ಡಾಲರ್‌ಗೆ 6 ಶಿಲಿಂಗ್‌ಗಿಂತ ಹೆಚ್ಚು ಬೆಲೆ ಕಟ್ಟಬಾರದೆಂದು ವಿಧಿಸಿತು; ಕೆಲವೇ ವರ್ಷಗಳಲ್ಲಿ ಪಾರ್ಲಿಮೆಂಟ್ ಅದನ್ನೇ ಕಾಯ್ದೆಯನ್ನಾಗಿ ಮಾಡಿತು. ಬಹುತೇಕ ವಸಾಹತುಗಳು ಅದಕ್ಕೆ ಕಿವಿಗೊಡಲಿಲ್ಲ. ಅಲ್ಲದೆ ಆ ಘೋಷಣೆಯಲ್ಲಿ ಇದ್ದದ್ದು ಬೆಳ್ಳಿಯ ಮಾತು ಮಾತ್ರ. ಚಿನ್ನದ ನಾಣ್ಯಗಳಿಗೆ ಬೆಲೆ ಕಟ್ಟುವ ಕೆಲಸ ಆಯಾ ಊರಿನ ವರ್ತಕರ ಪಾಲಿಗೇ ಉಳಿಯಿತು.

ಪಂಚಾಂಗಗಳಲ್ಲಿ, ಪತ್ರಿಕೆಗಳಲ್ಲಿ ನಾಣ್ಯಗಳ ಪಟ್ಟಿ ಅಚ್ಚಾಗುತ್ತಿತ್ತು: ಯಾವ ನಾಣ್ಯ, ಎಷ್ಟು ತೂಕ, ಯಾವ ಊರಲ್ಲಿ ಎಷ್ಟು ಬೆಲೆ. ವರ್ತಕರು ಅಂಗೈ ಅಗಲದ ಪೆಟ್ಟಿಗೆಯಲ್ಲಿ ಪುಟ್ಟ ತಕ್ಕಡಿಯನ್ನೂ ಹಿತ್ತಾಳೆಯ ತೂಕದ ಬಟ್ಟುಗಳನ್ನೂ ಇಟ್ಟುಕೊಂಡು ಓಡಾಡುತ್ತಿದ್ದರು. ಚಿನ್ನದ ತೂಕಕ್ಕೆ ಇದ್ದದ್ದು ಪೆನ್ನಿವೇಟ್ ಮತ್ತು ಗ್ರೇನ್ ಎಂಬ ಅಳತೆಗಳು. 24 ಗ್ರೇನ್‌ಗೆ ಒಂದು ಪೆನ್ನಿವೇಟ್, ಅಂದರೆ ಸುಮಾರು ಒಂದೂವರೆ ಗ್ರಾಂ. ಒಂದು ಗ್ರೇನ್ ಎಂದರೆ ಹೆಚ್ಚುಕಡಿಮೆ ನಮ್ಮ ಅರ್ಧ ಗುಂಜಿ.

ಅಂಚು ಕದಿಯುವವರು

ಟಂಕಸಾಲೆಯಿಂದ ಹೊಸದಾಗಿ ಹೊರಬಿದ್ದ ಹಾಫ್ ಜೋ ಸುಮಾರು 14.3 ಗ್ರಾಂ ತೂಗುತ್ತಿತ್ತು. ಒಂದೂಕಾಲು ತೊಲದಷ್ಟು, 22 ಕ್ಯಾರೆಟ್ ಚಿನ್ನ. ಗ್ರೇನ್ ಲೆಕ್ಕದಲ್ಲಿ 221. ಆದರೆ ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್‌ನ ಪೇಟೆಗಳಲ್ಲಿ ಹಾಫ್ ಜೋಗೆ ಒಪ್ಪಿತವಾಗಿದ್ದ ತೂಕ 9 ಪೆನ್ನಿವೇಟ್, ಅಂದರೆ 216 ಗ್ರೇನ್. ಅಷ್ಟು ತೂಗಿದರೆ ಎಂಟು ಡಾಲರ್.

ಇಲ್ಲಿಯೇ ಆಸೆ ಹುಟ್ಟುತ್ತಿತ್ತು. ಪೂರ್ತಿ ತೂಕದ ನಾಣ್ಯಕ್ಕೂ ಎಂಟೇ ಡಾಲರ್, ಐದು ಗ್ರೇನ್ ಕಡಿಮೆ ಇರುವುದಕ್ಕೂ ಎಂಟೇ ಡಾಲರ್ ಎಂದಾದರೆ ಆ ಐದು ಗ್ರೇನನ್ನು ಕತ್ತರಿಸಿಕೊಂಡು ಕೊಡುವವನೇ ಜಾಣ. ಒಬ್ಬ ಐದು ಗ್ರೇನ್ ಕತ್ತರಿಸಿದರೆ ಮುಂದಿನವನು ಇನ್ನೆರಡು. ಕೆಲವರು ಅರದಿಂದ ಅಂಚು ತಿಕ್ಕುತ್ತಿದ್ದರು. ಕೆಲವರು ನಾಣ್ಯಗಳನ್ನು ತೊಗಲಿನ ಚೀಲದಲ್ಲಿ ಹಾಕಿ ಗಂಟೆಗಟ್ಟಲೆ ಅಲುಗಾಡಿಸಿ, ಉದುರಿದ ಚಿನ್ನದ ಪುಡಿಯನ್ನು ಚೀಲದಿಂದ ತೆಗೆಯುತ್ತಿದ್ದರು. ಜೇಬಿನಿಂದ ಜೇಬಿಗೆ ಹೋಗುವಾಗಿನ ಸಹಜ ಸವೆತ ಬೇರೆ. ಇದರ ಮೇಲೆ ನಕಲಿ ಜೋಗಳ ಕಾಟ. ಅವುಗಳಲ್ಲಿ ಕೆಲವು ಒಳ್ಳೆಯ ಚಿನ್ನದವೇ, ತೂಕ ಮಾತ್ರ ಕಡಿಮೆ.

ಎಣಿಕೆಯ ಲೆಕ್ಕದಲ್ಲಿ ಹಣ ನಡೆಯುವ ಕಡೆ ಹಗುರಾದ ನಾಣ್ಯ ಉಳಿಯುತ್ತದೆ, ಭಾರದ್ದು ತೂಕ ನೋಡುವ ಕಡೆಗೆ ಹೊರಟುಹೋಗುತ್ತದೆ. ಸ್ವಾತಂತ್ರ್ಯ ಸಮರ ಮುಗಿದ ಮೇಲೆ ಅಮೆರಿಕದಲ್ಲಿ ಆದದ್ದೂ ಇದೇ. ಯುದ್ಧದ ಖರ್ಚಿಗೆಂದು ಕಾಂಟಿನೆಂಟಲ್ ಕಾಂಗ್ರೆಸ್ ಅಚ್ಚು ಹಾಕಿಸಿದ ಕಾಗದದ ಹಣ ಬೆಲೆ ಕಳೆದುಕೊಂಡಿತ್ತು. ಫ್ರೆಂಚ್ ಮತ್ತು ಬ್ರಿಟಿಷ್ ಸೇನೆಗಳ ಜತೆ ಬಂದ ಚಿನ್ನ ಬೆಳ್ಳಿ ಆಮದು ಸರಕಿನ ಬೆಲೆಯಾಗಿ ಹೊರಗೆ ಹರಿಯತೊಡಗಿತು. ಉಳಿದದ್ದು ಸವೆದದ್ದು, ಕತ್ತರಿಸಿದ್ದು, ಅನುಮಾನದ್ದು. 1785ರ ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವರ್ಜೀನಿಯಾದ ಕಾಂಗ್ರೆಸ್ ಪ್ರತಿನಿಧಿ ವಿಲಿಯಂ ಗ್ರೇಸನ್‌ಗೆ ಬರೆದ ಪತ್ರದಲ್ಲಿ ಈ ಕತ್ತರಿಸಾಟದ ಬಗ್ಗೆ ದೂರಿದ್ದಾರೆ. ದೇಶಕ್ಕೆ ತನ್ನದೇ ನಾಣ್ಯ ಬೇಕೇ ಬೇಕು, ಇಲ್ಲವಾದರೆ ಮನುಷ್ಯ ಜೇಬಿನಲ್ಲಿ ತಕ್ಕಡಿ ಇಟ್ಟುಕೊಂಡೇ ಪ್ರಯಾಣ ಮಾಡಬೇಕಾದೀತು, ಕಾಲು ಭಾಗ ಕಡಿಮೆ ತೂಗುವ ಚಿನ್ನವನ್ನು ಪೂರ್ತಿ ಬೆಲೆಗೆ ತೆಗೆದುಕೊಳ್ಳುವ ಅಪಾಯವಿದೆ ಎಂಬುದು ಅವರ ಮಾತಿನ ಸಾರ.

ಬೆಣೆ ಮತ್ತು ಮುದ್ರೆ

ಸರ್ಕಾರ ಮಾಡಲಾಗದ್ದನ್ನು ಮಾಡಿದವರು ಅಕ್ಕಸಾಲಿಗರು. ಆಭರಣ, ಬೆಳ್ಳಿ ಪಾತ್ರೆ ಮಾಡುವ ಇವರ ಬಳಿ ತಕ್ಕಡಿ ಇತ್ತು, ಒರೆಗಲ್ಲಿತ್ತು, ಚಿನ್ನದ ಗುಣ ಅರಿಯುವ ಕಣ್ಣಿತ್ತು. ತಾವು ಮಾಡಿದ ಸಾಮಾನಿನ ಮೇಲೆ ಹೆಸರಿನ ಮುದ್ರೆ ಒತ್ತುವ ರೂಢಿಯೂ ಇತ್ತು. ವರ್ತಕ ತಂದುಕೊಟ್ಟ ನಾಣ್ಯದ ತೂಕವನ್ನು ಇವರು ಒಪ್ಪಿತ ಮಟ್ಟಕ್ಕೆ ಹೊಂದಿಸಿಕೊಡುತ್ತಿದ್ದರು.

ನಾಣ್ಯ ಭಾರವಾಗಿದ್ದರೆ ಕೆಲಸ ಸುಲಭ. ಅಂಚಿನಿಂದ ಅಷ್ಟೇ ಚೂರು ಕತ್ತರಿಸಿ ತೆಗೆದರೆ ಮುಗಿಯಿತು. ಕಳ್ಳ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ ಎಂದು ಕೇಳಬಹುದು. ಕಳ್ಳ ಕತ್ತರಿಸಿ ಸುಮ್ಮನಾಗುತ್ತಿದ್ದ. ಅಕ್ಕಸಾಲಿಗ ಕತ್ತರಿಸಿ, ತೂಗಿ, ತನ್ನ ಹೆಸರು ಒತ್ತುತ್ತಿದ್ದ.

ನಾಣ್ಯ ಹಗುರಾಗಿದ್ದರೆ ಕೈಚಳಕ ಬೇಕಿತ್ತು. ಒಂದು ಹಾಫ್ ಜೋ 212 ಗ್ರೇನ್ ತೂಗಿತು ಎಂದಿಟ್ಟುಕೊಳ್ಳಿ. 216ಕ್ಕೆ 4 ಗ್ರೇನ್ ಕಡಿಮೆ. ಅಕ್ಕಸಾಲಿಗ ನಾಣ್ಯದಲ್ಲಿ, ಸಾಮಾನ್ಯವಾಗಿ ನಡುಭಾಗದಲ್ಲಿ, ತೂತು ಕೊರೆಯುತ್ತಿದ್ದ. ತೂತು ಕೊರೆದಾಗ ಇನ್ನಷ್ಟು ಚಿನ್ನ ಹೋಗುತ್ತದೆ. ಆದ್ದರಿಂದ ತುಂಬುವ ಬೆಣೆ, ಕೊರೆದು ತೆಗೆದದ್ದರ ಜತೆಗೆ ಆ 4 ಗ್ರೇನನ್ನೂ ತೂಗಬೇಕು. ಅಂದಮೇಲೆ ಅದು ತೂತಿಗಿಂತ ಉದ್ದ. ನಾಣ್ಯದ ಎರಡೂ ಮೈಯಿಂದ ಚೂರು ಹೊರಗೆ ಚಾಚಿಕೊಂಡೇ ಕೂರುತ್ತದೆ. ಸುತ್ತಿಗೆಯ ಏಟಿಗೆ ಅದರ ಎರಡು ತುದಿಗಳೂ ಅರಳಿ, ಗುಂಡಿಯ ತಲೆಯಂತೆ ಚಪ್ಪಟೆಯಾಗಿ ತೂತನ್ನು ಕಚ್ಚಿಕೊಳ್ಳುತ್ತವೆ. ಅದರ ಮೇಲೆ ಮುದ್ರೆಯ ಅಚ್ಚನ್ನಿಟ್ಟು ಇನ್ನೊಂದು ಏಟು. ಮುದ್ರೆ ಬೆಣೆಯ ಮೇಲೆಯೇ ಬಿದ್ದರೆ ಎರಡು ಕೆಲಸ ಒಟ್ಟಿಗೆ ಆಗುತ್ತಿತ್ತು: ಬೆಣೆ ಭದ್ರವಾಗುತ್ತಿತ್ತು, ಅದರಲ್ಲಿರುವುದು ಒಳ್ಳೆಯ ಚಿನ್ನವೇ ಎಂಬುದಕ್ಕೆ ಸಾಕ್ಷಿಯೂ ಸಿಗುತ್ತಿತ್ತು. ಕೀಳು ಲೋಹದ ಬೆಣೆ ತುಂಬಿ ಮೋಸ ಮಾಡುವವರೂ ಇದ್ದುದರಿಂದ ಆ ಸಾಕ್ಷಿಗೆ ಬೆಲೆ ಇತ್ತು.

ಆ 4 ಗ್ರೇನ್‌ಗಾಗಿ ಇಷ್ಟೆಲ್ಲ ಪಾಡೇಕೆ? 216 ಗ್ರೇನ್‌ಗೆ ಎಂಟು ಡಾಲರ್, ಅಂದರೆ 27 ಗ್ರೇನ್‌ಗೆ ಒಂದು ಡಾಲರ್ ಎಂಬ ಲೆಕ್ಕದಲ್ಲಿ, ಡಾಲರ್‌ಗೆ 90 ಪೆನ್ಸ್ ಇದ್ದ ಫಿಲಡೆಲ್ಫಿಯಾದಲ್ಲಿ ಒಂದು ಗ್ರೇನ್ ಚಿನ್ನಕ್ಕೆ ಮೂರು ಪೆನ್ಸ್‌ಗೂ ಮಿಗಿಲು. ನಾಲ್ಕು ಗ್ರೇನ್ ಕಡಿಮೆ ಎಂದರೆ ಒಂದು ಶಿಲಿಂಗ್‌ಗೂ ಹೆಚ್ಚು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ಜಗಳದ್ದು. ಪ್ರತಿ ಪಾವತಿಯಲ್ಲೂ ತಕ್ಕಡಿ ತೆಗೆದು, ಪ್ರತಿ ನಾಣ್ಯ ತೂಗಿ, ಕಡಿಮೆ ಬಿದ್ದ ಗ್ರೇನ್‌ಗೆ ಪೆನ್ಸ್ ಮುರಿದುಕೊಳ್ಳುವ ಚೌಕಾಸಿ. ಮುದ್ರೆ ಬಿದ್ದ ನಾಣ್ಯ ಆ ಚೌಕಾಸಿಯನ್ನು ಮೊದಲೇ ಮುಗಿಸಿಟ್ಟಿರುತ್ತಿತ್ತು. ಅದನ್ನು ಎಣಿಸಿ ಕೊಡಬಹುದಿತ್ತು, ಎಣಿಸಿ ತೆಗೆದುಕೊಳ್ಳಬಹುದಿತ್ತು.

ಇದು ಅಮೆರಿಕದ ನೆಲದಲ್ಲಿ ಮಾತ್ರ ನಡೆದದ್ದಲ್ಲ. ಅದೇ ಹಡಗುದಾರಿಯ ಕೆರಿಬಿಯನ್ ದ್ವೀಪಗಳಲ್ಲೂ ಇದೇ ಬಗೆಯ ಬೆಣೆ, ಕತ್ತರಿ, ಮುದ್ರೆ. ಗ್ರೆನಡಾ ದ್ವೀಪದಲ್ಲಿ ನಾಣ್ಯದ ಅಂಚಿನ ಹತ್ತಿರ ‘ಜಿ’ ಅಕ್ಷರವನ್ನು ಹಲವು ಕಡೆ ಒತ್ತುತ್ತಿದ್ದರು. ಅಂಚು ಕತ್ತರಿಸಲು ಹೋದವನು ಅಕ್ಷರವನ್ನೂ ಕತ್ತರಿಸಬೇಕು. ಕಳ್ಳತನ ಅಲ್ಲಿಯೇ ಬಯಲಾಗುತ್ತದೆ.

ಬ್ಯಾಂಕಿನ ಪಟ್ಟಿ, ಬ್ರಾಷರ್‌ನ ಹೆಸರು

1782ರಲ್ಲಿ ಫಿಲಡೆಲ್ಫಿಯಾದಲ್ಲಿ ಬ್ಯಾಂಕ್ ಆಫ್ ನಾರ್ತ್ ಅಮೆರಿಕ ಬಾಗಿಲು ತೆರೆಯಿತು. 1784ರಲ್ಲಿ ಬ್ಯಾಂಕ್ ಆಫ್ ನ್ಯೂಯಾರ್ಕ್ ಬಂತು. ಅದರ ನಿಯಮಾವಳಿ ಬರೆದವರು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಬ್ಯಾಂಕ್ ಎಂದ ಮೇಲೆ ದಿನವೂ ರಾಶಿ ನಾಣ್ಯ ಬರುತ್ತದೆ, ಹೋಗುತ್ತದೆ. ಯಾವ ನಾಣ್ಯವನ್ನು ಎಷ್ಟು ತೂಕಕ್ಕೆ ಎಷ್ಟು ಡಾಲರ್‌ಗೆ ತೆಗೆದುಕೊಳ್ಳುತ್ತೇವೆ ಎಂಬ ಪಟ್ಟಿಯನ್ನು ಬ್ಯಾಂಕುಗಳು ಗೊತ್ತುಮಾಡಿದವು. ಬ್ಯಾಂಕ್ ಒಪ್ಪಿದ ತೂಕವೇ ಪೇಟೆಯ ತೂಕವಾಯಿತು. ಅಕ್ಕಸಾಲಿಗರ ಅಂಗಡಿಯಲ್ಲಿ ಈ ಕೆಲಸ ಹೆಚ್ಚಿತು.

ಅವರಲ್ಲಿ ಇಂದು ಹೆಚ್ಚು ಪ್ರಸಿದ್ಧನಾದವನು ನ್ಯೂಯಾರ್ಕ್‌ನ ಎಫ್ರೈಮ್ ಬ್ರಾಷರ್. ಆತನ ಮುದ್ರೆ ‘ಇ.ಬಿ.’. ವಾಷಿಂಗ್ಟನ್ ಅಧ್ಯಕ್ಷರಾಗಿ ನ್ಯೂಯಾರ್ಕ್‌ನ ಚೆರ‍್ರಿ ಸ್ಟ್ರೀಟ್‌ನಲ್ಲಿ ವಾಸವಿದ್ದಾಗ ಬ್ರಾಷರ್ ಅವರ ನೆರೆಯವ. ಅವರ ಮನೆಗೆ ಬೆಳ್ಳಿ ತಟ್ಟೆಗಳನ್ನು ಮಾಡಿಕೊಟ್ಟವನು. ಅದೇ ನಗರದ ಜಾನ್ ಬರ್ಗರ್, ಡೇನಿಯಲ್ ವಾನ್ ವೋರ್ಹಿಸ್, ಬಾಲ್ಟಿಮೋರ್‌ನ ಸ್ಟ್ಯಾಂಡಿಷ್ ಬ್ಯಾರಿಯಂಥವರ ಮುದ್ರೆಗಳನ್ನೂ ನಾಣ್ಯಶಾಸ್ತ್ರಜ್ಞರು ಈ ಪರಂಪರೆಗೆ ಸೇರಿಸುತ್ತಾರೆ. ಬ್ರಾಷರ್‌ನ ಮುದ್ರೆ ಅಸಲಿ ಪೋರ್ಚುಗೀಸ್ ಜೋಗಳ ಮೇಲಷ್ಟೇ ಅಲ್ಲ, ಅವುಗಳ ನಕಲುಗಳ ಮೇಲೂ ಸಿಕ್ಕಿದೆ. ಅಕ್ಕಸಾಲಿಗನಿಗೆ ಮುಖ್ಯವಾಗಿದ್ದದ್ದು ಯಾವ ದೊರೆ ಅಚ್ಚು ಹಾಕಿಸಿದ ಎಂಬುದಲ್ಲ. ಎಷ್ಟು ಚಿನ್ನವಿದೆ, ಎಂಥ ಚಿನ್ನವಿದೆ ಎಂಬುದು.

1787ರಲ್ಲಿ ಬ್ರಾಷರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸ್ಪೇನಿನ ಡಬ್ಲೂನ್‌ಗೆ ಸಾಟಿಯಾಗುವ, ಸುಮಾರು 408 ಗ್ರೇನ್ ಅಂದರೆ 17 ಪೆನ್ನಿವೇಟ್ ತೂಗುವ, 22 ಕ್ಯಾರೆಟ್‌ನ ತನ್ನದೇ ನಾಣ್ಯ ಹೊರತಂದ. ಒಂದು ಬದಿಗೆ ಬೆಟ್ಟದ ಹಿಂದಿನಿಂದ ಮೂಡುವ ಸೂರ್ಯ, ಇನ್ನೊಂದು ಬದಿಗೆ ಎದೆಗೆ ಗುರಾಣಿ ಹೊತ್ತ ಹದ್ದು. ಹದ್ದಿನ ರೆಕ್ಕೆಯ ಮೇಲೆ, ಒಂದೇ ಒಂದು ನಾಣ್ಯದಲ್ಲಿ ಮಾತ್ರ ಎದೆಯ ಮೇಲೆ, ಅದೇ ‘ಇ.ಬಿ.’ ಮುದ್ರೆ. ಆ ವರ್ಷ ತಾಮ್ರದ ನಾಣ್ಯ ಅಚ್ಚು ಹಾಕಲು ನ್ಯೂಯಾರ್ಕ್ ಶಾಸನಸಭೆಗೆ ಆತ ಸಲ್ಲಿಸಿದ ಮನವಿ ಫಲಿಸಲಿಲ್ಲ. ಉಳಿದಿರುವ ಬೆರಳೆಣಿಕೆಯ ಬ್ರಾಷರ್ ಡಬ್ಲೂನ್‌ಗಳಲ್ಲಿ ಒಂದು 2021ರ ಜನವರಿಯಲ್ಲಿ 93.6 ಲಕ್ಷ ಡಾಲರ್‌ಗೆ ಹರಾಜಾಯಿತು. ರೇಮಂಡ್ ಚಾಂಡ್ಲರ್‌ನ ‘ದಿ ಹೈ ವಿಂಡೋ’ ಎಂಬ 1942ರ ಪತ್ತೇದಾರಿ ಕಾದಂಬರಿಯ ಕಥೆ ನಡೆಯುವುದೂ ಕಳುವಾದ ಒಂದು ಬ್ರಾಷರ್ ಡಬ್ಲೂನ್ ಸುತ್ತ. ಇಷ್ಟೊಂದು ಖ್ಯಾತಿಯ ನಡುವೆ ಒಂದು ಮಾತು ಮರೆಯಾಗುತ್ತದೆ: ಈ ನಾಣ್ಯದ ಮೇಲಿನ ಮುದ್ರೆಗೆ ಆಗಲೇ ಪೇಟೆಯಲ್ಲಿ ನಂಬಿಕೆ ಗಳಿಸಿಕೊಟ್ಟದ್ದು ಬ್ರಾಷರ್ ಬೇರೆಯವರ ನಾಣ್ಯಗಳ ತೂಕ ಹೊಂದಿಸಿದ ಕೆಲಸ.

ಪೇಟೆಯ ತೂಕ ಕಾನೂನಾದಾಗ

1787ರ ಸೆಪ್ಟೆಂಬರ್‌ನಲ್ಲಿ ಸಹಿ ಬಿದ್ದ ಸಂವಿಧಾನ, ನಾಣ್ಯ ಅಚ್ಚು ಹಾಕುವ ಅಧಿಕಾರವನ್ನು ಕಾಂಗ್ರೆಸ್‌ಗೆ ಕೊಟ್ಟಿತು. ಅದೇ ಸಾಲಿನಲ್ಲಿ ಪರದೇಶದ ನಾಣ್ಯದ ಬೆಲೆ ನಿಗದಿ ಮಾಡುವ ಅಧಿಕಾರವನ್ನೂ ಸೇರಿಸಿತು. ಬರೆದವರಿಗೆ ತಮ್ಮ ಜೇಬಿನಲ್ಲಿ ಏನಿದೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಖಜಾನೆ ಕಾರ್ಯದರ್ಶಿಯಾಗಿದ್ದ ಹ್ಯಾಮಿಲ್ಟನ್ 1791ರ ಜನವರಿಯಲ್ಲಿ ಟಂಕಸಾಲೆಯ ಕುರಿತ ವರದಿ ಸಲ್ಲಿಸಿದರು. 1792ರ ಏಪ್ರಿಲ್ 2ರಂದು ನಾಣ್ಯ ಕಾಯ್ದೆ ಬಂತು. ಹತ್ತು ಡಾಲರ್‌ನ ‘ಈಗಲ್’ ನಾಣ್ಯ 22 ಕ್ಯಾರೆಟ್‌ನ 270 ಗ್ರೇನ್ ತೂಗಬೇಕೆಂದು ಅದು ವಿಧಿಸಿತು. ಅಂದರೆ ಡಾಲರ್‌ಗೆ 27 ಗ್ರೇನ್. 1793ರ ಫೆಬ್ರವರಿಯ ಇನ್ನೊಂದು ಕಾಯ್ದೆ ಪರದೇಶದ ಚಿನ್ನಕ್ಕೆ ದರ ಗೊತ್ತುಮಾಡಿತು. ಬ್ರಿಟನ್ ಮತ್ತು ಪೋರ್ಚುಗಲ್‌ನ ಚಿನ್ನದ ನಾಣ್ಯಕ್ಕೆ ಪ್ರತಿ 27 ಗ್ರೇನ್‌ಗೆ ಒಂದು ಡಾಲರ್. ಫ್ರಾನ್ಸ್ ಮತ್ತು ಸ್ಪೇನಿನದಕ್ಕೆ 27 ಮತ್ತು ಐದನೇ ಎರಡು ಗ್ರೇನ್‌ಗೆ ಒಂದು ಡಾಲರ್.

ಈಗ ಅಕ್ಕಸಾಲಿಗರ ಹಾಫ್ ಜೋವನ್ನು ಈ ಲೆಕ್ಕಕ್ಕೆ ಹಿಡಿಯಿರಿ. 9 ಪೆನ್ನಿವೇಟ್ ಎಂದರೆ 216 ಗ್ರೇನ್. 27ರಿಂದ ಭಾಗಿಸಿದರೆ ಸರಿಯಾಗಿ 8 ಡಾಲರ್. ಒಂದು ಗ್ರೇನ್ ಹೆಚ್ಚಿಲ್ಲ, ಒಂದು ಗ್ರೇನ್ ಕಡಿಮೆಯಿಲ್ಲ. ಪೇಟೆಯಲ್ಲಿ ವರ್ತಕರು ಒಪ್ಪಿಕೊಂಡು, ಅಕ್ಕಸಾಲಿಗರು ಬೆಣೆ ತುಂಬಿ ಕಾಪಾಡಿಕೊಂಡು ಬಂದ ಮಟ್ಟಕ್ಕೂ ಹೊಸ ಗಣರಾಜ್ಯದ ಚಿನ್ನದ ಡಾಲರ್‌ಗೂ ಒಂದೇ ಅಳತೆ. 1795ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಿಂದ ಅಮೆರಿಕದ ಮೊದಲ ಚಿನ್ನದ ನಾಣ್ಯಗಳು, ಐದು ಡಾಲರ್‌ನ ‘ಹಾಫ್ ಈಗಲ್’ಗಳು ಹೊರಬಂದಾಗ ಅವುಗಳ ತೂಕ 135 ಗ್ರೇನ್. ಅದೇ 27ರ ಲೆಕ್ಕ.

1793ರ ಕಾಯ್ದೆಯ ನಂತರ ತೂಕ ಹೊಂದಿಸುವ ಕೆಲಸಕ್ಕೆ ಅರ್ಥ ಉಳಿಯಲಿಲ್ಲ. ಪರದೇಶದ ಚಿನ್ನಕ್ಕೆ ಬೆಲೆ ಸಿಗುವುದು ಅದು ನಿಜವಾಗಿ ತೂಗಿದಷ್ಟಕ್ಕೇ ಎಂದಾದ ಮೇಲೆ ಅಂಚು ಕತ್ತರಿಸುವವನಿಗೂ ಲಾಭವಿಲ್ಲ, ಬೆಣೆ ತುಂಬುವ ಅಗತ್ಯವೂ ಇಲ್ಲ. ಹಳೆಯ ಜೋಗಳು, ಡಬ್ಲೂನ್‌ಗಳು ಮೂಸೆಗೆ ಬಿದ್ದು ಕರಗಿದವು. ಪರದೇಶದ ನಾಣ್ಯಗಳಿಗಿದ್ದ ಕಾನೂನಿನ ಮಾನ್ಯತೆ ಬಿಟ್ಟು ಬಿಟ್ಟು ಮುಂದುವರಿದು 1857ರ ಫೆಬ್ರವರಿಯ ಕಾಯ್ದೆಯೊಂದಿಗೆ ಕೊನೆಗೊಂಡಿತು. ಸ್ವತಂತ್ರ ದೇಶವಾಗಿ ಎಂಟು ದಶಕ ಕಳೆದ ಮೇಲೆ!

ಹಣ ಎಂದರೆ ಸರ್ಕಾರದ ಅಪ್ಪಣೆ ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಅಮೆರಿಕದ ಈ ಬೆಣೆ ಹಾಕಿದ ಚಿನ್ನ ಬೇರೆಯೇ ಪಾಠ ಹೇಳುತ್ತದೆ. ಅಲ್ಲಿ ದೊರೆಯ ಮುಖ ನಾಣ್ಯಕ್ಕೆ ಬೆಲೆ ತಂದುಕೊಡಲಿಲ್ಲ, ರಾಣಿಯ ಘೋಷಣೆಯೂ ತಂದುಕೊಡಲಿಲ್ಲ. ಬೆಲೆ ಬಂದದ್ದು ಎಲ್ಲರಿಗೂ ಗೊತ್ತಿದ್ದ ಒಂದು ತೂಕದಿಂದ, ಯಾರು ಬೇಕಾದರೂ ತಕ್ಕಡಿ ಹಿಡಿದು ಪರೀಕ್ಷಿಸಬಹುದಾದ ಮಾತಿನಿಂದ, ಆ ಮಾತಿಗೆ ತನ್ನ ಹೆಸರನ್ನೇ ಅಡವಿಟ್ಟ ಕುಶಲಕರ್ಮಿಯಿಂದ. ಸರ್ಕಾರ ಬಂದು ಮಾಡಿದ್ದು, ಈಗಾಗಲೇ ನೆಲೆಯೂರಿದ್ದ ಆ ಪ್ರಾಮಾಣಿಕತೆಗೆ ಕಾನೂನಿನ ಬಲ ಕೊಟ್ಟದ್ದು. ಇವತ್ತು ನೋಟು, ಕಾರ್ಡು, ಮೊಬೈಲ್ ಪಾವತಿ ಎಂದು ಹಣದ ರೂಪ ಎಷ್ಟೇ ಬದಲಾಗಿದ್ದರೂ ನಾವು ಕೇಳಲೇಬೇಕಾದ ಪ್ರಶ್ನೆಗಳು ಅವೇ: ಅಳತೆ ಎಲ್ಲರಿಗೂ ತಿಳಿದದ್ದೇ? ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದೇ? ತಪ್ಪಾದರೆ ಹೆಸರು ಹೇಳಿ ಹೊಣೆ ಹೊರುವವರು ಯಾರು? ಈ ಮೂರಕ್ಕೂ ಉತ್ತರವಿರುವ ಹಣವನ್ನು ಜನ ನಂಬುತ್ತಾರೆ.